ಅಮ್ಮನ ಹೆಸರಿನ ರಜೆ

ಶುಕ್ರವಾರ ಸಂಜೆ
ಅಮ್ಮನ ಮನೆಯಿಂದ

ಪ್ರೀತಿಯ ಅಕ್ಕನಿಗೆ,

'ಪ್ರೀತಿಯ' ಎಂದು ಅಭ್ಯಾಸಬಲದಿಂದ ಬರೆದೆ. ಹೊಡೆದುಹಾಕೋಣ ಎಂದು ಪೆನ್ನು ಎತ್ತಿದೆ, ಕೈ ಬರಲಿಲ್ಲ. ಇರಲಿ ಬಿಡು.

ಕಾಗದದ ಮೊದಲಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯಬೇಕಂತೆ. ಅಮ್ಮ ಕ್ಷೇಮವಾಗಿದ್ದಾಳೆ. ನಾನು ಹಿಡಿದುಕೊಂಡರೆ ಕಿಟಕಿಯವರೆಗೆ ಹೋಗಿ ಬರುತ್ತಾಳೆ. ಕೆಳಗಿನ ಸೈಕಲ್ ರಿಪೇರಿಯವನು ದಾರಿಗೆ ಅಡ್ಡವಾಗಿ ಚಕ್ರ ಒರಗಿಸಿದರೆ ಮೇಲಿನಿಂದಲೇ ಬೈಯುವಷ್ಟು ದನಿ ವಾಪಸು ಬಂದಿದೆ. ನಾನು ಕ್ಷೇಮವಾಗಿಲ್ಲ. ಇಲ್ಲದ್ದನ್ನು ಇದೆ ಎಂದು ಬರೆಯಲು ನನಗೆ ಬರುವುದಿಲ್ಲ, ಅದು ನಿನಗೂ ಗೊತ್ತು.

ಫೋನ್ ಮಾಡುವುದು ಬಿಟ್ಟು ಇದೇನು ಕಾಗದ ಎಂದು ನೀನು ಹುಬ್ಬು ಗಂಟಿಕ್ಕುತ್ತೀಯ. ನಿನ್ನ ಫೋನು ನಿನ್ನೆಯಿಂದ ಆಫ್ ಆಗಿದೆ. ಭಾವನಿಗೆ ಮಾಡಿದರೆ, ಅವಳ ಹತ್ತಿರ ಈಗ ಮಾತಾಡಬೇಡ, ಗಾಬರಿಯಾಗ್ತಾಳೆ ಎನ್ನುತ್ತಾರೆ. ನಾಳೆ ಬೆಳಿಗ್ಗೆ ಅವರು ಇಲ್ಲಿಗೆ ಬರುತ್ತಾರಂತೆ, ಅವರ ಕೈಯಲ್ಲೇ ಇದನ್ನು ಕೊಟ್ಟು ಕಳಿಸುತ್ತೇನೆ. ದಾರಿಯಲ್ಲಿ ಒಡೆದು ಓದಿಕೊಂಡರೂ ಅಡ್ಡಿಯಿಲ್ಲ. ಅವರ ವಿಷಯವೂ ಇದರಲ್ಲಿದೆ.

ನಿನ್ನೆ ನಿನ್ನ ಕಂಪನಿಯಿಂದ ಒಬ್ಬ ಹುಡುಗಿ ಅಮ್ಮನನ್ನು ನೋಡಲು ಬಂದಿದ್ದಳು. ನೀನು ಅಮ್ಮನ ಆರೈಕೆಗೆಂದು ರಜೆ ಹಾಕಿ ಇದೇ ಮನೆಯಲ್ಲಿ ಇದ್ದೀಯ ಎಂದುಕೊಂಡು ಬಂದಿದ್ದಳು. ಅವಳು ನನ್ನನ್ನು ಒಂದು ಪ್ರಶ್ನೆ ಕೇಳಿದಳು, ನಾನು ಉತ್ತರ ಕೊಟ್ಟೆ. ಆ ಉತ್ತರದ ಮೇಲೆ ನಿನ್ನ ಕೆಲಸ ನಿಂತಿದೆ ಎಂದು ಭಾವ ಹೇಳಿದರು. ಏನು ಹೇಳಿದೆ ಎಂದು ಅವರಿಗೂ ತಿಳಿಸಿಲ್ಲ. ಈಗಲೇ ಬರೆದುಬಿಟ್ಟರೆ ನೀನು ಮಿಕ್ಕಿದ್ದನ್ನು ಓದುವುದಿಲ್ಲ, ನಿನ್ನನ್ನು ನಾನು ಬಲ್ಲೆ. ಆದ್ದರಿಂದ ಕೊನೆಯಲ್ಲಿ ಬರೆಯುತ್ತೇನೆ. ಹಾಳೆ ತಿರುಗಿಸಿ ಕದ್ದು ನೋಡಬೇಡ.

ಅಮ್ಮನನ್ನು ಆಸ್ಪತ್ರೆಯಿಂದ ಮನೆಗೆ ಕಳಿಸಿದ ದಿನ ನಿನಗೆ ಮರೆತಿರಲಾರದು. ಮುರಿದ ಸೊಂಟದ ಮೂಳೆಗೆ ಲೋಹದ ಪಟ್ಟಿ ಕೂರಿಸಿದ್ದಾರೆ, ಸದ್ಯಕ್ಕೆ ಹಗಲೂ ರಾತ್ರಿ ಒಬ್ಬರು ಪಕ್ಕದಲ್ಲೇ ಇರಬೇಕು ಎಂದು ನರ್ಸ್ ಹೇಳಿ ಆಚೆ ಹೋದಳು. ನೀನು ಕೂಡಲೇ ಬ್ಯಾಗಿನಿಂದ ಪೆನ್ನು ತೆಗೆದೆ. ಊಟದ ಗಾಡಿ ಹೋಗಿ ಬರುವ ಆ ಕಾರಿಡಾರಿನ ಬೆಂಚಿನ ಮೇಲೆ ಕೂತು ಒಂದು ಹಾಳೆಯ ನಡುವೆ ಗೀಟು ಎಳೆದೆ. ಎಡಗಡೆ ನಿನ್ನ ಕಂಪನಿ, ಬಲಗಡೆ ನನ್ನ ಲಾಂಡ್ರಿ. 'ಅಳು ಗಿಳು ಬೇಡ, ಯಾರಿಗೆ ಎಷ್ಟು ರಜೆ ಇದೆ ನೋಡೋಣ' ಎಂದೆ.

ನಿನ್ನ ಕಡೆ ಏನೇನೆಲ್ಲ ಇತ್ತು! ಹುಷಾರಿಲ್ಲದಿದ್ದರೆ ರಜೆ, ತಿರುಗಾಡಲು ವಾರ್ಷಿಕ ರಜೆ, ಹೆರಿಗೆ ರಜೆ, ಅಪ್ಪನಾದ ಗಂಡಸಿಗೆ ರಜೆ, ಮನೆಯವರ ಆರೈಕೆಗೆ ರಜೆ. ಸಾಕಿದ ನಾಯಿ ಸತ್ತರೆ ಅರ್ಧ ದಿನ ಎಂದೂ ಇದೆ ಎಂದಾಗ ನಾನು ನಕ್ಕುಬಿಟ್ಟೆ. ನೀನು ನಗಲಿಲ್ಲ. ಒಂದೊಂದರ ಮುಂದೆಯೂ ಅದನ್ನು ಯಾಕೆ ಮುಟ್ಟುವ ಹಾಗಿಲ್ಲ ಎಂದು ವಿವರಿಸುತ್ತಾ ಹೋದೆ. ಹುಷಾರಿಲ್ಲದ ರಜೆ ಮುಗಿಯುತ್ತಾ ಬಂದಿದೆ ಎಂದೆ. ಯಾಕೆ ಮುಗಿಯಿತು ಎಂದು ಹೇಳಲಿಲ್ಲ, ನನಗೂ ಕೇಳಲು ಹೊಳೆಯಲಿಲ್ಲ. ವಾರ್ಷಿಕ ರಜೆಯನ್ನು ವಿಭಾಗದವರೆಲ್ಲ ಆಗಲೇ ಹಂಚಿಕೊಂಡಿದ್ದಾರೆ, ಆರೈಕೆಯ ರಜೆ ತಗೊಂಡರೆ ಮೇಲಿನವರ ಕಣ್ಣಿಗೆ ಬೀಳುತ್ತೇನೆ ಎಂದೆ. ಆಮೇಲೆ ನನ್ನ ಕಡೆ ತಿರುಗಿ ಒಂದೊಂದಾಗಿ ಕೇಳಿದೆ. ಇಲ್ಲ, ಇಲ್ಲ, ಅದೂ ಇಲ್ಲ ಎನ್ನುತ್ತಾ ಬಂದೆ. ಕೊನೆಗೆ ನೀನೇ ಬೇಸತ್ತು ಮೇಲಿನಿಂದ ಕೆಳಗಿನವರೆಗೆ ಒಂದೇ ಗೀಟು ಎಳೆದೆ.

'ನೋಡು ಬುಗುರಿ, ನನ್ನ ಕಡೆ ಏನು ಮುಟ್ಟಿದ್ರೂ ಏನಾದ್ರೂ ಒಂದು ಹೋಗುತ್ತೆ. ನಿನ್ನ ಕಡೆ ಹೋಗೋಕೆ ಏನಿದೆ ಹೇಳು? ಹೇಗೂ ನೀನು ಒಂದು ಕಡೆ ನಿಲ್ಲೋಳಲ್ಲ' ಎಂದೆ.

ಭಾವ ಗೋಡೆಗೆ ಒರಗಿ ನಿಂತಿದ್ದರು. 'ಅವಳು ಹೇಳೋದರಲ್ಲೂ ಒಂದು ಅರ್ಥ ಇದೆ ಪುಟ್ಟಿ' ಎಂದರು. ಒಳಗೆ ಅಮ್ಮ ಕಣ್ಣು ಮುಚ್ಚಿ ಮಲಗಿದ್ದಳು, ರೆಪ್ಪೆ ಮಾತ್ರ ಅದುರುತ್ತಿತ್ತು. ಬಾಗಿಲು ತೆರೆದೇ ಇತ್ತು. ಎಲ್ಲವೂ ಕೇಳಿಸಿದೆ ಅವಳಿಗೆ.

ನನಗೆ ಸಿಟ್ಟು ಬಂದದ್ದು ನೀನು ತಪ್ಪು ಹೇಳಿದೆ ಎಂದಲ್ಲ. ಹಾಳೆಯ ಮೇಲೆ ಅದು ಸರಿಯಾಗಿಯೇ ಇತ್ತು. ಇರುವವರು ಇರುವುದನ್ನು ಕಾಪಾಡಿಕೊಳ್ಳಬೇಕು, ಇಲ್ಲದವರು ಹೋಗಿ ಅಮ್ಮನನ್ನು ನೋಡಿಕೊಳ್ಳಬೇಕು. ಹಾಗೆ ಬರೆದು ತೋರಿಸಿದರೆ ಯಾರು ತಾನೇ ಎದುರು ಮಾತಾಡುತ್ತಾರೆ?

ನಾನು ಒಂದು ಕಡೆ ನಿಲ್ಲದವಳು, ನಿಜ. ಒಂಬತ್ತನೇ ತರಗತಿಯಲ್ಲಿ ಮಾಸ್ತರು ಬೆಂಚಿನ ಮೇಲೆ ನಿಲ್ಲಿಸಿದಾಗಲೂ ನಿಲ್ಲಲಿಲ್ಲ, ಕಿಟಕಿ ಹಾರಿ ಬಂದವಳು ಮತ್ತೆ ಹೋಗಲಿಲ್ಲ. ಆದರೆ ಅಷ್ಟೊಂದು ಕಡೆ ದುಡಿದದ್ದರಿಂದ ನಿನ್ನ ಹಾಳೆಯಲ್ಲಿ ಇಲ್ಲದ ಕೆಲವು ನಿಯಮಗಳು ನನಗೆ ಗೊತ್ತು. ಬೇಕರಿಯಲ್ಲಿ ಜ್ವರ ಎಂದರೆ ಯಜಮಾನ ತಾನೇ ಬಂದು ಹಣೆ ಮುಟ್ಟಿ ನೋಡುತ್ತಿದ್ದ. 'ಒಲೆ ಮುಂದೆ ನಿಂತಿದ್ದೀಯಲ್ಲ, ಅದಕ್ಕೇ ಬಿಸಿ. ಹೋಗು, ಬನ್ನು ತೆಗಿ' ಎನ್ನುತ್ತಿದ್ದ. ಆ ಬೇಕರಿಯಲ್ಲಿ ಯಾರಿಗೂ ಯಾವತ್ತೂ ಜ್ವರ ಬಂದದ್ದಿಲ್ಲ. ಕೊರಿಯರ್ ಗೋದಾಮಿನಲ್ಲಿ ರಜೆ ಧಾರಾಳ, ನಮ್ಮ ಬದಲಿಗೆ ಒಬ್ಬರನ್ನು ನಾವೇ ತಂದು ನಿಲ್ಲಿಸಿ ಹೋಗಬೇಕು ಅಷ್ಟೇ. ನಾನು ನಿಲ್ಲಿಸಿ ಹೋದವಳು ನನಗಿಂತ ಚುರುಕಾಗಿದ್ದಳು. ವಾಪಸು ಹೋಗಿ ನೋಡಿದರೆ ನನ್ನ ಮೊಳೆಗೆ ಅವಳ ಚೀಲ ನೇತಾಡುತ್ತಿತ್ತು. ಚಪ್ಪಲಿ ಅಂಗಡಿಯ ಯಜಮಾನಿ ಒಬ್ಬಳೇ ಮೃದು ಮನಸ್ಸಿನವಳು. 'ನೀವೆಲ್ಲ ನನ್ನ ಮನೆ ಮಕ್ಕಳ ಹಾಗೆ, ಯಾವಾಗ ಬೇಕಾದ್ರೂ ರಜೆ ಕೇಳಿ' ಎನ್ನುತ್ತಿದ್ದಳು. ಕೇಳಿದರೆ ಕೊಡುತ್ತಲೂ ಇದ್ದಳು. ಆಮೇಲೆ ವರ್ಷವಿಡೀ ಬಂದ ಗಿರಾಕಿಗಳಿಗೆಲ್ಲ ಹೇಳಿಕೊಳ್ಳುವಳು: 'ಇವಳು ಹುಷಾರಿಲ್ಲ ಅಂದಾಗ ನಾನು ತುಟಿ ಪಿಟಕ್ಕೆನ್ನಲಿಲ್ಲ ನೋಡಿ.' ಕಾಲು ಮುಂದೆ ಚಾಚಿ ಕೂತ ಗಿರಾಕಿಗಳು ನನ್ನ ಮುಖ ನೋಡುವರು, ನಾನು ಅವರ ಹಿಮ್ಮಡಿ ನೋಡುವೆ. ಕೊಟ್ಟ ರಜೆಯನ್ನು ದಿನಾ ಇಷ್ಟಿಷ್ಟೇ ವಾಪಸು ಕಿತ್ತುಕೊಂಡವರನ್ನು ನಾನು ಬೇರೆಲ್ಲೂ ನೋಡಿಲ್ಲ.

ನಾನು ನಿಂತದ್ದು ಈ ಲಾಂಡ್ರಿಯಲ್ಲಿ ಮಾತ್ರ. ಯಾಕೆ ನಿಂತೆ ಎಂದು ನೀನು ಕೇಳಿದ್ದಿಲ್ಲ.

ಹೋಟೆಲು, ಆಸ್ಪತ್ರೆಗಳ ಚಾದರ ಒಗೆದು ಇಸ್ತ್ರಿ ಮಾಡುವ ಜಾಗ ಅದು. ಒಳಗೆ ಕಾಲಿಟ್ಟರೆ ಬರೀ ಹಬೆ, ಎದುರಿನವರ ಮುಖ ಕರಗಿದಂತೆ ಕಾಣುತ್ತದೆ. ನಡುವೆ ಬಿಸಿ ಉರುಳೆಗಳ ದೊಡ್ಡ ಯಂತ್ರ. ಒದ್ದೆ ಚಾದರದ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ನನ್ನ ಜೊತೆಯವಳ ಕೈಯಲ್ಲಿ. ಇಬ್ಬರೂ ಒಂದೇ ಸಲಕ್ಕೆ ಜಗ್ಗಿ, ಬಿಗಿಮಾಡಿ, ಉರುಳೆಯ ಬಾಯಿಗೆ ಕೊಡಬೇಕು. ಒಬ್ಬಳು ಚೂರು ಹಿಂದೆ ಬಿದ್ದರೆ ಚಾದರ ಸುರುಟಿಕೊಳ್ಳುತ್ತದೆ, ಇನ್ನೊಬ್ಬಳ ಬೆರಳು ಸುಡುತ್ತದೆ. ಕೈಗೆ ಕೈ ಹೊಂದುವುದಕ್ಕೇ ತಿಂಗಳುಗಟ್ಟಲೆ ಬೇಕು. ಅದಕ್ಕೇ ಅಲ್ಲಿ ಪ್ರತಿಯೊಬ್ಬಳಿಗೂ ಒಬ್ಬ ಜೋಡಿ. ರಜೆ ಬೇಕಾದರೆ ಮೊದಲು ಕೇಳುವುದು ಜೋಡಿಯನ್ನು, ಸೂಪರ್‌ವೈಸರನ್ನು ಆಮೇಲೆ. ಯಾಕೆಂದರೆ ಒಬ್ಬಳು ಬರದಿದ್ದರೆ ಇನ್ನೊಬ್ಬಳಿಗೂ ಉರುಳೆಯ ಮುಂದೆ ಜಾಗವಿಲ್ಲ. ಅವಳನ್ನು ಹಿಂದಿನ ಕೋಣೆಗೆ ಕಳಿಸುತ್ತಾರೆ, ಆಸ್ಪತ್ರೆಯಿಂದ ಬಂದ ಕೊಳೆ ಗಂಟು ಬಿಚ್ಚಿ ವಿಂಗಡಿಸಲು. ರಕ್ತ, ವಾಂತಿ, ಯಾರೋ ಮರೆತು ಬಿಟ್ಟ ಸೂಜಿ, ಎಲ್ಲ ಇರುತ್ತದೆ ಆ ಗಂಟುಗಳಲ್ಲಿ.

ನನ್ನ ಜೋಡಿ ನಿನ್ನ ವಯಸ್ಸಿನವಳು. ಹೆರಿಗೆಗೆ ರಜೆ ಕೇಳಿದಾಗ ಸೂಪರ್‌ವೈಸರ್ ಅವಳಿಗೆ, 'ತಗೋ ತಾಯಿ, ಎಷ್ಟು ಬೇಕಾದ್ರೂ ತಗೋ. ವಾಪಸ್ ಬಂದಾಗ ಜಾಗ ಖಾಲಿ ಇದ್ರೆ ನಿನ್ನ ಪುಣ್ಯ' ಎಂದ. ಅವಳು ಹೋದ ದಿನವೇ ನನ್ನನ್ನು ಕರೆದು, ಬೇರೆ ಜೋಡಿ ಕೊಡ್ತೀನಿ ಎಂದ. ಬೇಡ ಎಂದೆ. ಒಪ್ಪಿದ್ದರೆ ಅವಳ ಜಾಗ ಅವತ್ತೇ ಹೋಗುತ್ತಿತ್ತು. ಅವಳು ಬರುವವರೆಗೆ ನಾನು ಹಿಂದಿನ ಕೋಣೆಯಲ್ಲಿ ಗಂಟು ಬಿಚ್ಚಿದೆ. ನಮ್ಮಲ್ಲಿಯ ಹೆರಿಗೆ ರಜೆ ಎಂದರೆ ಅದೇ ಅಕ್ಕ, ಜೋಡಿ ಹಿಂದಿನ ಕೋಣೆಯಲ್ಲಿ ಕಾಯುವುದು. ಅದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ, ಅದಕ್ಕೇ ನೀನು ಕೇಳಿದಾಗ ಇಲ್ಲ ಎಂದೆ.

ನನ್ನನ್ನು ಅಲ್ಲಿಂದ ಬೇಗ ಬಿಡಿಸಬೇಕೆಂದು ಅವಳು ಮಗುವಿನ ಹೊಕ್ಕುಳ ಒಣಗುವ ಮೊದಲೇ ಬಂದು ಉರುಳೆಯ ಮುಂದೆ ನಿಂತಳು. ಅಂಗಿಯ ಎದೆ ಒದ್ದೆಯಾಗುತ್ತಿತ್ತು. ನಾನು ಮುಖ ಆಚೆ ತಿರುಗಿಸಿದರೆ ಅವಳಿಗೆ ನಗು. 'ಈ ಹಬೇಲಿ ಎಲ್ಲರೂ ಒದ್ದೆ ಕಣೇ. ನಂದೊಬ್ಬಳದು ಹಾಲು ಅಂತ ಯಾರಿಗೆ ಗೊತ್ತಾಗುತ್ತೆ?' ಎಂದಳು.

ನಾನು ಅಮ್ಮನ ಜೊತೆ ಇರಬೇಕಾಗಿದೆ ಎಂದಾಗ ಅವಳು ನನ್ನ ಮಾತು ಮುಗಿಸಲೂ ಬಿಡಲಿಲ್ಲ. 'ಹೋಗು, ನಾನು ಹಿಂದೆ ಇರ್ತೀನಿ.' ಮಗು ಇದೆಯಲ್ಲ, ಬೇಡ ಎಂದೆ. 'ನಿನ್ನ ಸರದಿ ನೀನು ಮಾಡಿದೆ, ಇದು ನನ್ನ ಸರದಿ. ಜಾಸ್ತಿ ಮಾತಾಡಿದ್ರೆ ಒದೀತೀನಿ' ಎಂದು ಬೈದಳು. ಕೆಲವು ವಾರ ಕಳೆದ ಮೇಲೆ ಗಂಟಿನೊಳಗೆ ಅವಳ ಬೆರಳಿಗೆ ಏನೋ ಚುಚ್ಚಿ ಕೈ ಮೊಣಕೈವರೆಗೆ ಊದಿಕೊಂಡಿತು, ಜ್ವರ ಬಂತು. ರಕ್ತ ಪರೀಕ್ಷೆಯ ಫಲ ಬರುವವರೆಗೆ ಮಗುವಿಗೆ ಹಾಲು ಕೊಡಬೇಡ ಎಂದರು ಡಾಕ್ಟರು. ಅವಳು ಮಲಗಿದ ವಾರವೇ ಸೂಪ‌ರ್‌ವೈಸರ್ ಹೊಸ ಜೋಡಿಯೊಂದನ್ನು ತಂದು ನಮ್ಮ ಜಾಗದಲ್ಲಿ ನಿಲ್ಲಿಸಿದ. ಸುದ್ದಿ ಹೇಳಲು ಬಂದವಳು ಒಳಗೆ ಬರಲಿಲ್ಲ, ನಮ್ಮ ಮೆಟ್ಟಿಲ ಮೇಲೆಯೇ ಕೂತಳು. ಮಗು ಅವಳ ಎದೆ ತಡಕುತ್ತಿತ್ತು, ಅವಳು ಅದರ ಕೈ ಬಿಡಿಸುತ್ತಿದ್ದಳು. ಪರೀಕ್ಷೆಯಲ್ಲಿ ಏನೂ ತೊಂದರೆ ಕಾಣಲಿಲ್ಲ. ಅಷ್ಟರಲ್ಲಿ ಹಾಲು ಬತ್ತಿಹೋಗಿತ್ತು.

ನಿನ್ನ ಕಡೆ ಹೋಗೋಕೆ ಏನಿದೆ ಎಂದು ಕೇಳಿದ್ದೆಯಲ್ಲ. ಇದು ಹೋಯಿತು.

ಇಷ್ಟೆಲ್ಲ ಆದರೂ ನಾನು ನಿನಗೆ ಹೇಳಲಿಲ್ಲ. ನಿನ್ನ ಕೆಲಸದ ಕಷ್ಟ ನಿನಗೆ ಎಂದುಕೊಂಡೆ. ಭಾನುವಾರಗಳಂದು ಫೋನಿನಲ್ಲಿ ಆಫೀಸು ಬಿಡೋಕೇ ಆಗ್ತಿಲ್ಲ ಎನ್ನುತ್ತಿದ್ದೆ, ನಂಬಿದೆ. ನಿನ್ನ ದನಿ ಸೋತಂತಿತ್ತು. ಪಾಪ ಎಂದೂ ಅನ್ನಿಸಿತ್ತು.

ಈಗ ನಿನ್ನೆಯ ವಿಷಯ. ಬಚ್ಚಲಿನಲ್ಲಿ ಅಮ್ಮನ ಹಾಸಿಗೆ ಬಟ್ಟೆ ತಿಕ್ಕುತ್ತಾ ಕೂತಿದ್ದೆ. ಮೆಟ್ಟಿಲ ಮೇಲೆ ಎತ್ತರದ ಹಿಮ್ಮಡಿಯ ಚಪ್ಪಲಿಯ ಟಕ ಟಕ ಸದ್ದು ಬಂತು. ಅಮ್ಮ ಒಳಗಿನಿಂದಲೇ 'ಬನ್ನಿ ಬನ್ನಿ, ಬಾಗಿಲು ತೆಗೆದೇ ಇದೆ' ಎಂದಳು. ನಾನು ತೋಳಿನ ನೊರೆ ಒರೆಸಿಕೊಂಡು ಬರುವಷ್ಟರಲ್ಲಿ ಆ ಹುಡುಗಿ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ಕೂತಾಗಿತ್ತು. ಮಡಿಲಲ್ಲಿ ಕೆಂಪು ರಿಬ್ಬನ್ ಕಟ್ಟಿದ ದೊಡ್ಡ ಹಣ್ಣಿನ ಬುಟ್ಟಿ. ಮೂಗು ಕೆಂಪಗಾಗಿತ್ತು, ಕರವಸ್ತ್ರ ಬಾಯಿಗಿಟ್ಟುಕೊಂಡೇ ಮಾತಾಡುತ್ತಿದ್ದಳು. ಸಿಬ್ಬಂದಿ ಕ್ಷೇಮ ವಿಭಾಗದಿಂದ ಬಂದಿದ್ದೇನೆ, ಯಾರು ಆರೈಕೆ ರಜೆ ಹಾಕಿದರೂ ಅವರ ಮನೆಗೆ ಹೀಗೆ ಬುಟ್ಟಿ ತಂದು ಕೊಡುವುದು ಕಂಪನಿಯ ಪದ್ಧತಿ ಎಂದಳು. 'ಮೇಡಂ ಎಲ್ಲಿ ಆಂಟಿ? ನಿಮ್ಮಿಬ್ಬರದೂ ಒಂದು ಫೋಟೋ ತೆಗೀಬೇಕಿತ್ತು, ನಮ್ಮ ಆಫೀಸಿನ ಗೋಡೆಗೆ.'

ನನಗೆ ಏನೂ ಅರ್ಥವಾಗಲಿಲ್ಲ. ಅಮ್ಮನಿಗೆ ಎಲ್ಲ ಅರ್ಥವಾಯಿತು. ಕಣ್ಣು ಮಿಟುಕಿಸದೆ, 'ಈಗ ತಾನೇ ಔಷಧಿ ತರೋಕೆ ಹೋದಳು. ನೀವು ಎದುರಿಗೇ ಸಿಗಬೇಕಿತ್ತಲ್ಲ' ಎಂದಳು.

'ಹಾಗಾದ್ರೆ ಕಾಯ್ತೀನಿ ಆಂಟಿ.'

'ಅಯ್ಯೋ, ಅಲ್ಲಿಂದ ಬ್ಯಾಂಕಿಗೂ ಹೋಗ್ತೀನಿ ಅಂದಿದ್ದಳು. ನಿಮಗ್ಯಾಕೆ ಸುಮ್ಮನೆ ತೊಂದ್ರೆ.'

'ಪರವಾಗಿಲ್ಲ, ಇವತ್ತು ನನಗೆ ಇದೊಂದೇ ಮನೆ.' ಹಾಗೆಂದು ಅವಳು ಮೂರು ಸಲ ಸೀನಿದಳು. ಆಮೇಲೆ ನನ್ನ ಕಡೆ ನೋಡಿ, 'ಇವರು?' ಎಂದಳು.

ಅಮ್ಮ ನನ್ನ ಮುಖ ನೋಡಲಿಲ್ಲ. ನನ್ನ ಒದ್ದೆ ತೋಳು ನೋಡಿದಳು. 'ಮನೆಕೆಲಸಕ್ಕೆ ಬರೋಳು. ನನ್ನ ಮಗಳೇ ಗೊತ್ತು ಮಾಡಿದ್ದು' ಎಂದಳು. ಆಮೇಲೆ, 'ಒಂದು ಲೋಟ ನೀರು ತಂದುಕೊಡಮ್ಮ ಇವರಿಗೆ' ಎಂದಳು.

ಅಮ್ಮ ನನ್ನನ್ನು ಹುಟ್ಟಿದಾಗಿನಿಂದ ಬಾರೇ, ಹೋಗೇ, ಹಾಳಾದವಳೇ ಎಂದೇ ಕರೆದಿರುವುದು. 'ಕೊಡಮ್ಮ' ಎಂದದ್ದು ನಿನ್ನೆ. ಅಷ್ಟು ಮರ್ಯಾದೆಯಿಂದ ಅವಳು ನನ್ನ ಹತ್ತಿರ ಯಾವತ್ತೂ ಮಾತಾಡಿರಲಿಲ್ಲ.

ನೀರು ತಂದುಕೊಟ್ಟೆ. ಬಾಗಿಲಿಗೆ ಒರಗಿ ನಿಂತೆ. ಅಮ್ಮ ನಿನ್ನನ್ನು ಹೊಗಳತೊಡಗಿದಳು. ಬೆಳಿಗ್ಗೆ ಎಬ್ಬಿಸಿ ಕೂರಿಸುವುದು ನೀನೇ. ತಲೆ ಬಾಚುವುದು ನೀನೇ. ಬೆನ್ನು ಹುಣ್ಣಾಗದ ಹಾಗೆ ಆಗಾಗ ಮಗ್ಗುಲು ತಿರುಗಿಸಿ ಪೌಡರ್ ಹಾಕುವುದು ನೀನೇ. 'ಬೆಡ್‌ಪ್ಯಾನ್ ಕೂಡ ಅವಳೇ ತೆಗೀತಾಳೆ ನೋಡಿ, ಅಷ್ಟು ಓದಿದೋಳು, ಒಂದಿಷ್ಟೂ ಮುಖ ಸಿಂಡರಿಸಲ್ಲ.' ನಾನು ಮಾಡಿದ ಒಂದೊಂದನ್ನೂ ಅವಳು ನೆನಪಿಟ್ಟಿದ್ದಳು ಅಕ್ಕ. ಯಾವುದೂ ಅವಳ ಕಣ್ಣು ತಪ್ಪಿರಲಿಲ್ಲ. ನನಗೆ ಅದು ಗೊತ್ತಾದದ್ದು ಅವಳು ಅದನ್ನೆಲ್ಲ ನಿನ್ನ ಹೆಸರಿಗೆ ಬರೆದಾಗ.

ಆ ಹುಡುಗಿಗೂ ಏನೋ ಅನುಮಾನ ಬಂದಿರಬೇಕು. ಕೋಣೆಯೆಲ್ಲ ಒಂದು ಸುತ್ತು ಕಣ್ಣಾಡಿಸಿದಳು. ನಿನ್ನ ಚಪ್ಪಲಿಯಿಲ್ಲ, ಬ್ಯಾಗಿಲ್ಲ, ಹಗ್ಗದ ಮೇಲೆ ನಿನ್ನ ಬಟ್ಟೆಯಿಲ್ಲ. ಅವಳು ನನ್ನ ಕಡೆ ತಿರುಗಿ, 'ನೀವೇ ಹೇಳಿ, ಮೇಡಂ ದಿನಾ ಇಲ್ಲೇ ಇರ್ತಾರಲ್ವಾ?' ಎಂದು ಕೇಳಿದಳು. ಅಮ್ಮ ಆಗ ನನ್ನ ಮುಖ ನೋಡಿದಳು.

ನಾನು ಉತ್ತರ ಕೊಟ್ಟೆ.

ಅವಳನ್ನು ಕೆಳಗಿನವರೆಗೆ ಬಿಟ್ಟುಬರಲು ಹೋದೆ. ಅವಳ ಕೈ ತಾಗಿತು, ಸುಡುತ್ತಿತ್ತು. ಇಷ್ಟು ಜ್ವರ ಇಟ್ಟುಕೊಂಡು ಯಾಕೆ ಬಂದಿರಿ, ನಿಮ್ಮ ಕಂಪನಿಯಲ್ಲಿ ರಜೆ ರಾಶಿ ಬಿದ್ದಿದೆಯಂತಲ್ಲ ಎಂದೆ. 'ಅದು ಕಂಪನಿಯವರಿಗೆ. ನಾನು ಏಜೆನ್ಸಿಯವಳು' ಎಂದಳು. ಜ್ವರದಲ್ಲೂ ನಕ್ಕಳು. ಸೋಮವಾರ ಮಧ್ಯಾಹ್ನದೊಳಗೆ ವರದಿ ಕೊಡಬೇಕು, ಅವತ್ತು ಬೆಳಿಗ್ಗೆ ಫೋಟೋಗೆ ಇನ್ನೊಂದು ಸಲ ಬಂದು ನೋಡ್ತೀನಿ, ಅದಕ್ಕಿಂತ ಹೆಚ್ಚು ನನ್ನ ಕೈಯಲ್ಲಿ ಆಗಲ್ಲ ಎಂದು ಹೇಳಿ ಹೋದಳು.

ಮೇಲೆ ಬಂದು ಭಾವನಿಗೆ ಫೋನ್ ಮಾಡಿದೆ. ನೀವಿಬ್ಬರೂ ಎಲ್ಲಿಗೆ ತಿರುಗಾಡಲು ಹೋಗಿದ್ದೀರಿ ಎಂದು ಕೂಗಾಡಿದೆ. ಸಮುದ್ರದ ದಂಡೆಯಲ್ಲಿ ಮಲಗಿದ್ದೀರಾ ಎಂದು ಕೇಳಿದೆ. ಅವರು, 'ಮಲಗಿರೋದು ನಿಜ. ಮನೇಲೇ' ಎಂದರು. ಆಗ ಎಲ್ಲ ಹೊರಗೆ ಬಂತು. ನಿನಗೆ ನಾಲ್ಕನೇ ತಿಂಗಳು. ಕಳೆದ ವರ್ಷ ಒಂದು ನಿಲ್ಲಲಿಲ್ಲ. ಈ ಸಲ ಡಾಕ್ಟರು ಹಾಸಿಗೆ ಬಿಟ್ಟು ಏಳಬೇಡ ಎಂದಿದ್ದಾರೆ. ಹುಷಾರಿಲ್ಲದ ರಜೆ ಮುಗಿದದ್ದು ಅದರಿಂದ. ಇನ್ನೂ ಬೇಕೆಂದರೆ ಡಾಕ್ಟರ ಚೀಟಿ ಕೊಡಬೇಕು, ಚೀಟಿಯಲ್ಲಿ ವಿಷಯ ಇರುತ್ತದೆ. ವಿಭಾಗದ ಮುಖ್ಯಸ್ಥರ ಹುದ್ದೆ ಯಾರಿಗೆಂದು ಈ ತಿಂಗಳೇ ತೀರ್ಮಾನವಾಗುತ್ತದೆ, ಅದು ನಿನ್ನ ಕೈಗೆ ಬರುವುದರಲ್ಲಿದೆ. ಅದಕ್ಕೇ ಅಮ್ಮನ ಹೆಸರಿನಲ್ಲಿ ರಜೆ ಹಾಕಿದ್ದು.

ಹೆರಿಗೆ ರಜೆ ಅಷ್ಟು ಚೆನ್ನಾಗಿದೆಯಲ್ಲ, ಹೆದರಿಕೆ ಯಾಕೆ ಎಂದೆ. ಇದಕ್ಕೆ ಮುಂಚೆ ಆ ಹುದ್ದೆಯ ಬಾಗಿಲವರೆಗೆ ಹೋಗಿದ್ದವಳ ಕಥೆ ಹೇಳಿದರು. ಅವಳು ಪೂರಾ ರಜೆ ತೆಗೆದುಕೊಂಡಳಂತೆ. ಸಂಬಳ ಬಂತು, ಹೂಗುಚ್ಛ ಬಂತು, ಮಗುವಿಗೆ ಟೋಪಿ ಬಂತು. ವಾಪಸು ಹೋದಾಗ ಅವಳ ಮೇಜು ಝೆರಾಕ್ಸ್ ಯಂತ್ರದ ಪಕ್ಕಕ್ಕೆ ಬಂದಿತ್ತು. ಒಂದು ನಿಯಮವೂ ಮುರಿದಿರಲಿಲ್ಲ. 'ಅಮ್ಮನಿಗೆ ಅಂತ ರಜೆ ಹಾಕಿದ್ರೆ ಒಳ್ಳೆ ಮಗಳು ಅಂತಾರೆ. ತನ್ನ ಹೊಟ್ಟೆಗೆ ಅಂತ ಹಾಕಿದ್ರೆ ಇವಳಿಂದ ಇನ್ನು ಕೆಲಸ ಆಗಲ್ಲ ಅಂತಾರೆ ಪುಟ್ಟಿ' ಎಂದರು ಭಾವ.

ನೀವು ರಜೆ ಹಾಕಿ ಅವಳನ್ನು ನೋಡಿಕೊಳ್ಳಬಹುದಲ್ಲ, ನಿಮಗೂ ಅಪ್ಪನ ರಜೆ ಇರಬೇಕಲ್ಲ ಎಂದೆ. ಇದೆಯಂತೆ. ಅವರ ಆಫೀಸಿನಲ್ಲಿ ಒಬ್ಬ ಅದನ್ನು ತೆಗೆದುಕೊಂಡನಂತೆ. ಅವತ್ತಿನಿಂದ ಅವನು ಒಳಗೆ ಬಂದರೆ ಎಲ್ಲರೂ 'ಬಾಣಂತಿ ಬಂದ್ರು, ಗಾಳಿ ತಾಗುತ್ತೆ, ಕಿಟಕಿ ಮುಚ್ರೋ' ಎನ್ನುತ್ತಾರಂತೆ. ಅದಕ್ಕೆ ನಿನ್ನ ಗಂಡ ಹೆದರಿದ್ದಾರೆ. ನೀನು ಒಬ್ಬಳೇ ಬಾಗಿಲು ಹಾಕಿಕೊಂಡು ಮಲಗಿದ್ದೀಯ, ಅವರು ದಿನಾ ಇಸ್ತ್ರಿ ಅಂಗಿ ಹಾಕಿಕೊಂಡು ಆಫೀಸಿಗೆ ಹೋಗುತ್ತಿದ್ದಾರೆ.

ಕೊನೆಗೆ ನನಗೊಬ್ಬಳಿಗೆ ಯಾಕೆ ಹೇಳಲಿಲ್ಲ ಎಂದೆ. 'ಯಾರಾದ್ರೂ ಕೇಳಿದ್ರೆ ನೀನು ಇದ್ದದ್ದು ಇದ್ದ ಹಾಗೆ ಹೇಳಿಬಿಡ್ತೀಯ ಅಂತ ಅವಳಿಗೆ ಭಯ' ಎಂದರು. ಫೋನಿಟ್ಟು ಅಮ್ಮನನ್ನು ಕೇಳಿದೆ. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿ ಮಲಗಿದ್ದಾಗಲೂ ಗೊತ್ತಿತ್ತು.

ಅಕ್ಕ, ಈಗ ನನ್ನ ಮಾತು. ನೀನು ಆ ಬೆಂಚಿನ ಮೇಲೆ ಹಾಳೆಯನ್ನು ಮಡಚಿಟ್ಟು, ಬುಗುರಿ, ನನಗೆ ಭಯವಾಗ್ತಿದೆ, ಇದೂ ನಿಲ್ಲದೇ ಹೋದರೆ ಏನು ಮಾಡಲಿ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನಾನು ಅಮ್ಮನನ್ನೂ ನೋಡಿಕೊಳ್ಳುತ್ತಿದ್ದೆ, ನಿನ್ನನ್ನೂ ನೋಡಿಕೊಳ್ಳುತ್ತಿದ್ದೆ. ಯಾರು ಬಂದು ಕೇಳಿದರೂ ಬಾಯಿ ಬಿಡುತ್ತಿರಲಿಲ್ಲ. ಸುಳ್ಳು ಹೇಳಲು ಬರುವುದಿಲ್ಲ ನಿಜ, ಬಾಯಿ ಮುಚ್ಚಿಕೊಂಡಿರಲು ನನಗೆ ಬರುತ್ತದೆ. ಅದನ್ನು ನೀವ್ಯಾರೂ ಒಮ್ಮೆಯೂ ಪರೀಕ್ಷೆ ಮಾಡಿ ನೋಡಲಿಲ್ಲ. ನೀನು ನನ್ನ ಮುಂದೆ ಎರಡು ಸಾಲು ಬರೆದು ತೋರಿಸಿ, ನನ್ನ ಬದುಕಿನ ಮೇಲೆ ಗೀಟು ಎಳೆದೆ. ನಿನ್ನ ಕಂಪನಿ ನಿನಗೆ ಮಾಡುವುದನ್ನೇ ನೀನು ನನಗೆ ಮಾಡಿದೆ, ಹೂಗುಚ್ಛ ಒಂದು ಬಿಟ್ಟು.

ಸೋಮವಾರದಿಂದ ನಾನು ಇಲ್ಲಿ ಇರುವುದಿಲ್ಲ. ನದಿಯ ಆಚೆ ಹೊಸದೊಂದು ಲಾಂಡ್ರಿ ತೆರೆದಿದೆ. ಹೊಂದಿಕೊಂಡ ಜೋಡಿ ಬಂದರೆ ಮಾತ್ರ ತೆಗೆದುಕೊಳ್ಳುತ್ತಾರಂತೆ. ನನ್ನ ಜೋಡಿ ಹೋಗಿ ಮಾತಾಡಿ ಬಂದಿದ್ದಾಳೆ. ನಾನು ಬರದಿದ್ದರೆ ಅವಳಿಗೂ ಇಲ್ಲ. ಈ ಸಲ ಅವಳನ್ನು ಕಾಯಿಸಲಾರೆ. ಬೆಳಿಗ್ಗೆ ಹೋದರೆ ಕತ್ತಲಾದ ಮೇಲೆ ಬರುತ್ತೇನೆ.

ನೀನು ಹೇಗೂ ಮಲಗಿಯೇ ಇರಬೇಕಲ್ಲ? ಇಲ್ಲೇ ಬಂದು ಮಲಗು. ಕಿಟಕಿಯ ಪಕ್ಕ ಇನ್ನೊಂದು ಮಂಚ ಹಿಡಿಸುತ್ತದೆ, ಅಳತೆ ಮಾಡಿ ನೋಡಿದ್ದೇನೆ. ಅಮ್ಮ ಆ ಕಡೆ, ನೀನು ಈ ಕಡೆ. ಮೆಟ್ಟಿಲು ಕಡಿದಾಗಿದೆ, ಭಾವ ಮತ್ತು ಸೈಕಲ್ ರಿಪೇರಿಯವನು ಸೇರಿ ನಿನ್ನನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ಬರಲಿ. ಅವನನ್ನು ಕೇಳಿದ್ದೇನೆ, ಒಪ್ಪಿದ್ದಾನೆ. ನಿಮ್ಮಿಬ್ಬರಿಗೂ ನೀರು, ಊಟ, ಬೆಡ್‌ಪ್ಯಾನ್ ಹಗಲು ಭಾವ ನೋಡಿಕೊಳ್ಳಲಿ, ರಜೆ ಹಾಕಲಿ. ಬಾಣಂತಿ ಎಂದರೆ ಅನ್ನಿಸಿಕೊಳ್ಳಲಿ, ಯಾರೂ ಹಾಗೆ ಅನ್ನಿಸಿಕೊಂಡು ಸತ್ತಿಲ್ಲ. ಭಾನುವಾರ ಸಂಜೆಯೊಳಗೆ ಬಂದುಬಿಟ್ಟರೆ, ಆ ಹುಡುಗಿ ಬಂದಾಗ ನೀನು ಅಮ್ಮನ ಹೆಸರಿನ ರಜೆಯಲ್ಲಿ ಅಮ್ಮನ ಪಕ್ಕದಲ್ಲೇ ಇರುತ್ತೀಯ. ಅಷ್ಟಾದರೂ ನಿಜವಾಗಲಿ. ಅದರಿಂದ ನಿನ್ನ ಕೆಲಸ ಉಳಿಯುತ್ತದೋ ಇಲ್ಲವೋ ನಾನು ಹೇಳಲಾರೆ, ಕೆಳಗೆ ಓದಿದ ಮೇಲೆ ನೀನೇ ಯೋಚಿಸು.

ಹುಷಾರಾಗಿ ಬಾ. ಮಗುವಿಗೆ ಏನೂ ಆಗಬಾರದು. ಇದನ್ನೂ ಸುಳ್ಳಿಗೆ ಬರೆಯುತ್ತಿಲ್ಲ.

ಇಂತಿ,
ಅಮ್ಮನ ಮನೆಯ ಕೆಲಸದವಳು,
ನಿನ್ನ ತಂಗಿ
ಬುಗುರಿ

ತಾ.ಕ.: ಆ ಹುಡುಗಿ ಕೇಳಿದ್ದು ನಿನ್ನ ಬಗ್ಗೆ. ಆಗ ನನಗೆ ನಿನ್ನ ಹೊಟ್ಟೆಯ ವಿಷಯ ಗೊತ್ತಿರಲಿಲ್ಲ. ಆದರೂ ನಿನ್ನ ಬಗ್ಗೆ ಒಂದು ಮಾತೂ ಆಡಲಿಲ್ಲ. 'ನಾನು ಕೆಲಸದವಳಲ್ಲ. ಇವರ ಚಿಕ್ಕ ಮಗಳು' ಎಂದೆ, ಅಷ್ಟೇ. ಅದಕ್ಕಿಂತ ಹೆಚ್ಚು ಹೇಳಬೇಕಾಗಿಯೂ ಬರಲಿಲ್ಲ. ಅವಳು ಅಮ್ಮನ ಮುಖ ನೋಡಿದಳು, ಫೋಟೋಗೆಂದು ತೆಗೆದಿದ್ದ ಫೋನನ್ನು ಬ್ಯಾಗಿನೊಳಗೆ ಇಟ್ಟಳು. ಅವಳು ಹೋದ ಮೇಲೆ ಅಮ್ಮ ಗೋಡೆಯ ಕಡೆ ತಿರುಗಿ ಮಲಗಿ ನನಗೆ ಹೇಳಿದ್ದು ಇಷ್ಟು: 'ಒಂದು ಗಳಿಗೆ ಕೆಲಸದವಳಾಗಿದ್ದಿದ್ರೆ ನಿನ್ನ ಗಂಟೇನು ಹೋಗ್ತಿತ್ತೇ?'